ಸತ್ತವನಿಗೆ ಡಿಸ್ಟಿಂಕ್ಷನ್

ಜ್ಯಾಕ್ ಲಂಡನ್‌ನ ‘ಟು ಬಿಲ್ಡ್ ಎ ಫೈರ್’ ಕತೆಯಲ್ಲಿ ಹಿಮದಲ್ಲಿ ಮರಗಟ್ಟಿ ಸಾಯುವ ಆ ಹೆಸರಿಲ್ಲದ ಮನುಷ್ಯನನ್ನು ಎಬ್ಬಿಸಿ ತಂದು, ಅಮೆರಿಕದ ಯಾವುದಾದರೂ ಎಂಟನೇ ತರಗತಿಯ ಬೆಂಚಿನ ಮೇಲೆ ಕೂರಿಸಿ, ಅದೇ ಕತೆಯ ಮೇಲಿನ ಪ್ರಶ್ನೆಪತ್ರಿಕೆ ಕೊಟ್ಟರೆ ಆತ ಡಿಸ್ಟಿಂಕ್ಷನ್‌ನಲ್ಲಿ ಪಾಸಾಗುತ್ತಾನೆ. ಕ್ಯಾಂಪ್ ಸೇರಬೇಕಾದದ್ದು ಎಷ್ಟು ಗಂಟೆಗೆ? ಆರಕ್ಕೆ. ಊಟಕ್ಕೆ ಎಲ್ಲಿ ನಿಂತ? ತೊರೆ ಕವಲೊಡೆಯುವಲ್ಲಿ, ಹನ್ನೆರಡೂವರೆಗೆ. ಬಿಸ್ಕೆಟ್ ಎಲ್ಲಿತ್ತು? ಅಂಗಿಯೊಳಗೆ, ಮೈಗೆ ತಾಗಿಸಿಕೊಂಡು, ಹೆಪ್ಪುಗಟ್ಟದಿರಲೆಂದು. ಹಿಮದಡಿಯ ಅಪಾಯ ಯಾವುದು? ಎಂಥ ಚಳಿಗೂ ಹೆಪ್ಪುಗಟ್ಟದ ಒರತೆಗಳು. ಒಬ್ಬನೇ ಪ್ರಯಾಣ ಮಾಡಬೇಡ ಎಂದವರು ಯಾರು? ಸಲ್ಫರ್ ಕ್ರೀಕ್‌ನ ಮುದುಕ. ಇವೆಲ್ಲ ಅವನಿಗೆ ಚೆನ್ನಾಗಿ ಗೊತ್ತಿದ್ದವು. ಒಂದೇ ಒಂದು ಪ್ರಶ್ನೆಯಲ್ಲಿ ಅಂಕ ಹೋದೀತು: ಆ ದಿನದ ಉಷ್ಣಾಂಶ ಎಷ್ಟು? ಅದು ಮೈನಸ್ 75 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು ಮೈನಸ್ 59 ಸೆಲ್ಸಿಯಸ್. ಅವನ ಬಳಿ ಥರ್ಮಾಮೀಟರ್ ಇರಲಿಲ್ಲ. ಉಗಿದ ಉಗುಳು ನೆಲಕ್ಕೆ ಬೀಳುವ ಮೊದಲೇ ಗಾಳಿಯಲ್ಲಿ ಚಟಗುಟ್ಟಿದ್ದನ್ನು ಕೇಳಿ, ಮೈನಸ್ 50ಕ್ಕಿಂತ ಕೆಳಗಿದೆ ಎಂದಷ್ಟೇ ಅಂದಾಜು ಮಾಡಿದ್ದ.

ಇಷ್ಟೆಲ್ಲ ಗೊತ್ತಿದ್ದವನು ಕತ್ತಲಾಗುವಷ್ಟರಲ್ಲಿ ಸತ್ತ. ಕತೆ ಇರುವುದೇ ಅದರ ಬಗ್ಗೆ. ಲಂಡನ್ ಇದನ್ನು ಮುಚ್ಚಿಟ್ಟಿಲ್ಲ, ಮೊದಲ ಪುಟಗಳಲ್ಲೇ ನೇರವಾಗಿ ಹೇಳಿದ್ದಾನೆ: ಈತ ಸಂಗತಿಗಳನ್ನು ಹಿಡಿಯುವುದರಲ್ಲಿ ಚುರುಕು, ಅವುಗಳ ಅರ್ಥ ಹಿಡಿಯುವುದರಲ್ಲಿ ಅಲ್ಲ, ಅವನಿಗಿಲ್ಲದ್ದು ಕಲ್ಪನೆ. ಹಾಗಿದ್ದೂ ನೂರಕ್ಕೂ ಹೆಚ್ಚು ವರ್ಷಗಳಿಂದ ಓದುತ್ತಿರುವ ಈ ಕತೆಯ ಮೇಲೆ ಶಾಲೆಗಳು ಕೇಳುವುದು ಸಂಗತಿಗಳನ್ನೇ. ಮನುಷ್ಯನನ್ನು ಕೊಂದ ಕೊರತೆಯನ್ನೇ ಮಕ್ಕಳಲ್ಲಿ ಬೆಳೆಸಿ, ಅದಕ್ಕೆ ‘ಗ್ರಹಿಕೆ’ ಎಂದು ಹೆಸರಿಟ್ಟು, ಅಂಕ ಕೊಟ್ಟು ಕಳಿಸುತ್ತಿದ್ದೇವೆ.

ನನ್ನ ತಕರಾರು ಮೇಷ್ಟರುಗಳ ಮೇಲಲ್ಲ. ದಿನಕ್ಕೆ ಐದು ತರಗತಿ, ನೂರೈವತ್ತು ಮಕ್ಕಳು, ಸೋಮವಾರದೊಳಗೆ ಅಂಕ ಕಂಪ್ಯೂಟರಿಗೇರಬೇಕು ಎನ್ನುವ ಅವಸರ. ಇಷ್ಟರ ನಡುವೆ ಸಿದ್ಧ ಪ್ರಶ್ನೆಪತ್ರಿಕೆಯನ್ನು ಪ್ರಿಂಟ್ ಹೊಡೆದು ಹಂಚುವವರನ್ನು ನಾನು ಬೈಯಲಾರೆ. ಕತೆ ಓದಿ ಬಂದಿದ್ದಾರೋ ಇಲ್ಲವೋ ಎಂದು ತಿಳಿಯಲು ಹತ್ತು ಸಣ್ಣ ಪ್ರಶ್ನೆ ಕೇಳುವುದರಲ್ಲಿ ತಪ್ಪೇನೂ ಇಲ್ಲ. ಅದು ಹಾಜರಿ. ಆ ಹಾಜರಿಯನ್ನೇ ತಿಳಿವಳಿಕೆ ಎಂದು ಪ್ರಮಾಣಪತ್ರದಲ್ಲಿ ಬರೆಯುವ ವ್ಯವಸ್ಥೆಯ ಬಗ್ಗೆ ನನ್ನ ಜಗಳ.

ಕತೆಯ ನಡುಭಾಗವನ್ನೊಮ್ಮೆ ನೋಡಿ. ಮೊಣಕಾಲಿನ ಕೆಳಗೆ ಅರ್ಧದವರೆಗೆ ನೀರಲ್ಲಿ ಇಳಿದು ಒದ್ದೆಯಾದ ಮನುಷ್ಯ, ಪಾದ ಮರಗಟ್ಟುವ ಮೊದಲು ಬೆಂಕಿ ಹಚ್ಚಲೇಬೇಕು. ಅವನು ಗಾಬರಿಯಾಗುವುದಿಲ್ಲ. ಬರ್ಚ್ ಮರದ ತೊಗಟೆಯ ಚೂರಿಗೆ ಕಡ್ಡಿ ಗೀರಿ, ಒಣಹುಲ್ಲು, ಎಳೆ ಕಡ್ಡಿ ಒಂದೊಂದಾಗಿ ಇಟ್ಟು, ಜ್ವಾಲೆ ದೊಡ್ಡದಾದಂತೆ ದಪ್ಪ ಕಡ್ಡಿ ಇಟ್ಟು, ಒಬ್ಬ ಕುಶಲ ಕೆಲಸಗಾರ ಮಾಡಬೇಕಾದ್ದನ್ನೆಲ್ಲ ಮಾಡುತ್ತಾನೆ. ಬೆಂಕಿ ಹತ್ತುತ್ತದೆ. ತಾನು ಗೆದ್ದೆ ಎಂದುಕೊಳ್ಳುತ್ತಾನೆ. ಆ ಮುದುಕನ ಮಾತು ನೆನಪಾಗಿ ಒಳಗೊಳಗೇ ನಗುತ್ತಾನೆ. ಇಂಥ ಮುದುಕರು ಹೆಂಗಸರ ಹಾಗೆ ಅಂಜುತ್ತಾರೆ ಎಂದುಕೊಳ್ಳುತ್ತಾನೆ. ಆದರೆ ಬೆಂಕಿ ಹಚ್ಚಿದ್ದು ಸ್ಪ್ರೂಸ್ ಮರದ ಅಡಿಯಲ್ಲಿ. ಪೊದೆಯಿಂದ ಕಡ್ಡಿ ಎಳೆದು ನೇರ ಬೆಂಕಿಗೆ ಹಾಕಲು ಅಲ್ಲಿ ಸುಲಭ. ಪ್ರತಿ ಸಲ ಎಳೆದಾಗಲೂ ಮರ ಅವನಿಗೆ ತಿಳಿಯದಷ್ಟು ಸಣ್ಣಗೆ ಅದುರುತ್ತದೆ. ವಾರಗಟ್ಟಲೆ ಗಾಳಿ ಬೀಸಿಲ್ಲ, ಒಂದೊಂದು ಟೊಂಗೆಯ ಮೇಲೂ ಹೊರಲಾರದಷ್ಟು ಹಿಮ. ಮೇಲಿನ ಒಂದು ಟೊಂಗೆ ಹೊರೆ ಕೆಡವುತ್ತದೆ, ಅದು ಕೆಳಗಿನದರ ಮೇಲೆ, ಅದು ಅದರ ಕೆಳಗಿನದರ ಮೇಲೆ. ಬೆಂಕಿ ಇದ್ದ ಜಾಗದಲ್ಲಿ ಈಗ ಹಿಮದ ಗುಡ್ಡೆ.

ಈ ಭಾಗದ ಮೇಲೆ ಸಾಮಾನ್ಯವಾಗಿ ಬರುವ ಪ್ರಶ್ನೆಯ ಮಾದರಿ ಇದು: ‘ಊಟದ ಬೆಂಕಿಯ ನಂತರ ಮನುಷ್ಯ ಎರಡನೇ ಬೆಂಕಿ ಹಚ್ಚಿದ್ದು ಎಲ್ಲಿ? ಅ) ಬಂಡೆಯ ಕೆಳಗೆ, ಆ) ಮರದ ಕೆಳಗೆ, ಇ) ತೊರೆಯ ದಡದ ಬಯಲಲ್ಲಿ, ಈ) ಗುಹೆಯಲ್ಲಿ.’ ಆ ಎಂದು ಗುರುತು ಹಾಕಿದ ಹುಡುಗಿ ಅಂಕ ತೆಗೆದುಕೊಂಡು ಮುಂದಕ್ಕೆ ಹೋಗುತ್ತಾಳೆ. ಅವನು ಮರದ ಕೆಳಗೆ ಯಾಕೆ ಹೋದ, ಕೈಗೆ ಸುಲಭವಾದದ್ದೇ ಹೇಗೆ ಜೀವಕ್ಕೆ ಮುಳುವಾಯಿತು, ಅಷ್ಟು ನುರಿತ ಕೈಯ ಮನುಷ್ಯ ತಲೆ ಎತ್ತಿ ಮೇಲಕ್ಕೊಮ್ಮೆ ಯಾಕೆ ನೋಡಲಿಲ್ಲ ಎನ್ನುವುದನ್ನು ಅವಳು ಯೋಚಿಸಿರಬಹುದು, ಯೋಚಿಸದೆಯೂ ಇರಬಹುದು. ಪ್ರಶ್ನೆಪತ್ರಿಕೆಗೆ ಅದರ ಗೊಡವೆ ಇಲ್ಲ.

‘ಇಲ್ಲಪ್ಪ, ನಾವು ಅರ್ಥದ ಪ್ರಶ್ನೆಯನ್ನೂ ಕೇಳುತ್ತೇವೆ’ ಎನ್ನುತ್ತಾರೆ ಪತ್ರಿಕೆ ತಯಾರಿಸುವವರು. ಕೇಳುತ್ತಾರೆ, ನಿಜ. ಕತೆಯ ಸಂಘರ್ಷ ಯಾವುದು? ಮನುಷ್ಯ ಮತ್ತು ಪ್ರಕೃತಿ. ಅವನ ಜೊತೆ ಬರುವ ನಾಯಿ ಯಾವುದರ ಸಂಕೇತ? ಸಹಜ ಪ್ರವೃತ್ತಿ. ಬೆಂಕಿ? ಜೀವ. ಈ ಉತ್ತರಗಳು ಕತೆ ಓದದ ಮಗುವಿಗೂ ಬರುತ್ತವೆ, ಏಕೆಂದರೆ ಗೈಡಿನಲ್ಲಿ ಇವೆ. ಅರ್ಥವನ್ನೂ ಬಾಯಿಪಾಠದ ಸಂಗತಿಯಾಗಿ ಒಣಗಿಸಿ ಪೊಟ್ಟಣ ಕಟ್ಟಿಯಾಯಿತು. ಮೇಲಾಗಿ ‘ಮನುಷ್ಯ ಮತ್ತು ಪ್ರಕೃತಿ’ ಎಂಬ ಆ ಕೀ ಉತ್ತರದ ಮೇಲೇ ನನಗೆ ಅನುಮಾನ. ಕತೆಯ ಚಳಿಗೆ ಯಾರ ಮೇಲೂ ದ್ವೇಷವಿಲ್ಲ, ಅದು ಯಾರ ಜೊತೆಗೂ ಕಾದಾಡುತ್ತಿಲ್ಲ. ಆ ಮನುಷ್ಯ ಗೆಳೆಯರೊಟ್ಟಿಗೆ ನೇರ ದಾರಿಯಲ್ಲಿ ಹೋಗಬಹುದಿತ್ತು. ವಸಂತದಲ್ಲಿ ಯೂಕಾನ್ ನದಿಯ ದ್ವೀಪಗಳಿಂದ ಮರದ ದಿಮ್ಮಿ ಸಾಗಿಸಲು ಆಗುತ್ತದೋ ನೋಡಿಕೊಂಡು ಬರುತ್ತೇನೆಂದು ಸುತ್ತುದಾರಿ ಹಿಡಿದವನು ಅವನೇ. ಮರದ ಲಾಭ ಲೆಕ್ಕ ಹಾಕಲು ಹೊರಟವನನ್ನು ಒಂದು ಮರವೇ ಮುಗಿಸಿತು. ಇದನ್ನು ಕಂಡ ವಿದ್ಯಾರ್ಥಿ ‘ಮನುಷ್ಯ ಮತ್ತು ಅವನ ದುರಾಸೆ’ ಎಂದೋ ‘ಮನುಷ್ಯ ಮತ್ತು ಅವನ ಜಂಭ’ ಎಂದೋ ಬರೆದರೆ ಅವಳಿಗೆ ಸೊನ್ನೆ.

ಲಂಡನ್‌ಗೆ ಈ ಲೋಕ ಪುಸ್ತಕದಿಂದ ಬಂದದ್ದಲ್ಲ. 1897ರ ಬೇಸಿಗೆಯಲ್ಲಿ, 21ರ ಹರೆಯದಲ್ಲಿ, ಚಿನ್ನದ ಹುಚ್ಚಿಗೆ ಬಿದ್ದು ಕೆನಡಾದ ಕ್ಲೋಂಡೈಕ್‌ಗೆ ಹೊರಟ. ಅಲ್ಲಿ ಬದುಕಲು ವರ್ಷಕ್ಕಾಗುವಷ್ಟು ದಿನಸಿಯನ್ನು ಜೊತೆಗೇ ಒಯ್ಯಬೇಕಿತ್ತು. ಹಾಗಾಗಿ ಎಲ್ಲರಂತೆ ಅವನೂ ಚಿಲ್ಕೂಟ್ ಕಣಿವೆಯ ಏರಿನಲ್ಲಿ ಮೂಟೆ ಹೊತ್ತು ಮತ್ತೆ ಮತ್ತೆ ಹತ್ತಿ ಇಳಿದ. ಕತೆಯಲ್ಲಿ ಬರುವ ಹೆಂಡರ್ಸನ್ ಕ್ರೀಕ್‌ನ ಆಸುಪಾಸಿನಲ್ಲೇ ಆ ಚಳಿಗಾಲ ಕಳೆದ. ಸ್ಕರ್ವಿ ಹತ್ತಿ, ವಸಡು ಊದಿ, 1898ರ ಬೇಸಿಗೆಯಲ್ಲಿ ದೋಣಿಯಲ್ಲಿ ಯೂಕಾನ್ ಇಳಿದು ಊರಿಗೆ ಮರಳಿದ. ಚಿನ್ನ ಸಿಕ್ಕಿದ್ದು ಹೇಳಿಕೊಳ್ಳುವಷ್ಟೇನಲ್ಲ; ಕತೆಗಳು ಸಿಕ್ಕವು.

ಇನ್ನು ಈ ಪರೀಕ್ಷಾ ಪದ್ಧತಿಯ ಜಾತಕ. ಬಹು ಆಯ್ಕೆಯ ಓದಿನ ಪರೀಕ್ಷೆ ಹುಟ್ಟಿದ್ದು 1915ರ ಸುಮಾರಿಗೆ, ಕ್ಯಾನ್ಸಸ್‌ನಲ್ಲಿ, ಫ್ರೆಡರಿಕ್ ಕೆಲ್ಲಿ ಎಂಬ ಶಿಕ್ಷಣತಜ್ಞನ ಕೈಯಲ್ಲಿ. ಆಗ ಲಂಡನ್ ಇನ್ನೂ ಬದುಕಿದ್ದ, 1916ರಲ್ಲಿ ತೀರಿಕೊಂಡ. ಕೆಲ್ಲಿಯ ಉದ್ದೇಶ ಕೆಟ್ಟದ್ದೇನಲ್ಲ: ಒಬ್ಬ ಮೇಷ್ಟರು ಎಪ್ಪತ್ತು ಕೊಟ್ಟ ಉತ್ತರಕ್ಕೆ ಇನ್ನೊಬ್ಬರು ನಲವತ್ತು ಕೊಡುವ ಅನ್ಯಾಯ ತಪ್ಪಲಿ, ತಿದ್ದುವ ಹೊತ್ತು ಉಳಿಯಲಿ. 1938ರಲ್ಲಿ ಐಬಿಎಂ ಕಂಪನಿಯ 805 ಎಂಬ ಯಂತ್ರ ಬಂತು. ಪೆನ್ಸಿಲ್ ಗುರುತಿನ ಗ್ರಾಫೈಟ್‌ನಲ್ಲಿ ವಿದ್ಯುತ್ ಹರಿಯುವುದನ್ನು ಹಿಡಿದು ಅಂಕ ಎಣಿಸುವ ಯಂತ್ರ ಅದು; ಅದನ್ನು ಕಂಡುಹಿಡಿದ ರೇನಾಲ್ಡ್ ಜಾನ್ಸನ್ ಕೂಡ ಶಾಲಾ ಮೇಷ್ಟರೇ. ಅಲ್ಲಿಂದ ಮುಂದೆ, ಯಂತ್ರ ಓದಬಲ್ಲದ್ದನ್ನೇ ಕೇಳುವುದು ರೂಢಿಯಾಯಿತು. 2002ರ ಜನವರಿಯಲ್ಲಿ ಜಾರ್ಜ್ ಬುಷ್ ಸಹಿ ಹಾಕಿದ ‘ನೋ ಚೈಲ್ಡ್ ಲೆಫ್ಟ್ ಬಿಹೈಂಡ್’ ಕಾನೂನು, ಮೂರರಿಂದ ಎಂಟನೇ ತರಗತಿಯವರೆಗೆ ಪ್ರತಿ ವರ್ಷವೂ ಓದು ಮತ್ತು ಗಣಿತದ ರಾಜ್ಯಮಟ್ಟದ ಪರೀಕ್ಷೆಯನ್ನು ಕಡ್ಡಾಯ ಮಾಡಿದ ಮೇಲೆ ರೂಢಿ ಶಾಸನವಾಯಿತು.

ಆಮೇಲಿನದು ಪ್ರಹಸನ. 2012ರಲ್ಲಿ ನ್ಯೂಯಾರ್ಕ್‌ನ ಎಂಟನೇ ತರಗತಿ ಪರೀಕ್ಷೆಯಲ್ಲಿ ಒಂದು ಅನಾನಸು ಮತ್ತು ಒಂದು ಮೊಲದ ಓಟದ ಪಂದ್ಯದ ಕತೆ ಬಂತು. ಅನಾನಸು ಓಡುವುದಿಲ್ಲ, ಅದು ಹಣ್ಣು. ಕೊನೆಗೆ ಕಾಡಿನ ಪ್ರಾಣಿಗಳೆಲ್ಲ ಸೇರಿ ಅದನ್ನು ತಿನ್ನುತ್ತವೆ. ಪ್ರಾಣಿಗಳು ಅದನ್ನು ತಿಂದದ್ದು ಯಾಕೆ, ಅವುಗಳಲ್ಲಿ ಯಾವುದು ಅತ್ಯಂತ ವಿವೇಕಿ ಎಂದು ಕೇಳಿದರು. ಮಕ್ಕಳು ತಲೆ ಕೆರೆದುಕೊಂಡರು, ಪೋಷಕರು ಗದ್ದಲ ಮಾಡಿದರು. ಮೂಲ ಬರೆದ ಡೇನಿಯಲ್ ಪಿಂಕ್‌ವಾಟರ್ ಅಸಂಬದ್ಧ ಹಾಸ್ಯಕ್ಕೆ ಹೆಸರಾದವನು. ಅವನು ಬರೆದದ್ದು ಬದನೆಕಾಯಿಯ ಬಗ್ಗೆ, ಅನಾನಸು ಮಾಡಿದ್ದು ಪರೀಕ್ಷೆಯವರು. ನಗಿಸಲೆಂದೇ ಬರೆದ ಅಸಂಬದ್ಧಕ್ಕೆ ನಾಲ್ಕು ಆಯ್ಕೆಯಲ್ಲಿ ಒಂದು ಸರಿಯುತ್ತರ ಇದ್ದೇ ಇರಬೇಕು ಎಂಬ ನಂಬಿಕೆ ನೋಡಿ! ಕೊನೆಗೆ ರಾಜ್ಯ ಆ ಪ್ರಶ್ನೆಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದಿತು.

2017ರ ಜನವರಿಯಲ್ಲಿ ಸಾರಾ ಹಾಲ್‌ಬ್ರೂಕ್ ಎಂಬ ಕವಯಿತ್ರಿ ಬಹಿರಂಗವಾಗಿ ಬರೆದರು: ಟೆಕ್ಸಸ್ ಪರೀಕ್ಷೆಯಲ್ಲಿ ತನ್ನದೇ ಪದ್ಯಗಳ ಮೇಲೆ ಕೇಳಿದ ಪ್ರಶ್ನೆಗಳಿಗೆ ತನಗೇ ಉತ್ತರ ಗೊತ್ತಾಗಲಿಲ್ಲ. ಪದ್ಯವನ್ನು ಎರಡು ಭಾಗ ಮಾಡಿದ್ದು ಯಾಕೆ ಎಂಬುದು ಒಂದು ಪ್ರಶ್ನೆ. ವೇದಿಕೆಯಲ್ಲಿ ಓದುವಾಗ ಅಲ್ಲಿ ತಾನು ನಿಲ್ಲಿಸುತ್ತೇನೆ, ಅದಕ್ಕೆ ಎಂಬುದು ಅವರ ಕಾರಣ. ಆ ಕಾರಣ ಆಯ್ಕೆಗಳಲ್ಲಿ ಇರಲಿಲ್ಲ. 2019ರಲ್ಲಿ ಮ್ಯಾಸಚೂಸೆಟ್ಸ್‌ನ ಹತ್ತನೇ ತರಗತಿಯ ಪರೀಕ್ಷೆ ಇನ್ನೂ ಮುಂದೆ ಹೋಯಿತು. ಕಾಲ್ಸನ್ ವೈಟ್‌ಹೆಡ್‌ನ ‘ದಿ ಅಂಡರ್‌ಗ್ರೌಂಡ್ ರೈಲ್‌ರೋಡ್’ ಕಾದಂಬರಿಯಿಂದ ಒಂದು ತುಣುಕು ಹರಿದು ಕೊಟ್ಟು, ಓಡಿಬಂದ ಗುಲಾಮ ಹುಡುಗಿಯನ್ನು ಒಲ್ಲದ ಮನಸ್ಸಿನಿಂದ ಮನೆಯಲ್ಲಿ ಅಡಗಿಸಿಟ್ಟುಕೊಂಡ, ಜನಾಂಗದ್ವೇಷ ತುಂಬಿದ ಬಿಳಿಯ ಹೆಂಗಸಿನ ದನಿಯಲ್ಲಿ ದಿನಚರಿ ಬರೆಯಿರಿ ಎಂದಿತು. ಕಪ್ಪು ಮಕ್ಕಳೂ ಬರೆಯಬೇಕು. ಶಿಕ್ಷಕರ ಸಂಘಗಳು ಸಿಡಿದೆದ್ದವು, ಪ್ರಶ್ನೆ ರದ್ದಾಯಿತು. ಇಡೀ ಕಾದಂಬರಿಯೊಳಗೆ ಆ ಹೆಂಗಸಿಗೆ ಒಂದು ಜಾಗವಿದೆ, ಒಂದು ಹಿನ್ನೆಲೆಯಿದೆ. ತುಣುಕಿನಲ್ಲಿ ಏನಿತ್ತು?

ಕಾಡಿನಲ್ಲಿ ಜೀವ ಉಳಿಸಿಕೊಳ್ಳುವ ಕತೆಗಳಿಗೆ ಇನ್ನೊಂದು ಗತಿ ಬಂದದ್ದೂ ಉಂಟು. ಶಿಕ್ಷಣ ಇತಿಹಾಸಕಾರ್ತಿ ಡಯೇನ್ ರ್ಯಾವಿಚ್ 2003ರ ‘ದಿ ಲ್ಯಾಂಗ್ವೇಜ್ ಪೊಲೀಸ್’ ಪುಸ್ತಕದಲ್ಲಿ ದಾಖಲಿಸಿದ್ದಾರೆ: ಅಂಧನೊಬ್ಬ ಉತ್ತರ ಅಮೆರಿಕದ ಅತಿ ಎತ್ತರದ ಮೆಕಿನ್ಲಿ ಪರ್ವತ ಹತ್ತಿದ ಬರಹವನ್ನು ಪರೀಕ್ಷೆಗೆ ಬೇಡವೆಂದು ಪರಿಶೀಲನಾ ಸಮಿತಿ ತಳ್ಳಿಹಾಕಿತು. ಬಯಲುಸೀಮೆಯ ಮಕ್ಕಳಿಗೆ ಬೆಟ್ಟ ಗೊತ್ತಿರುವುದಿಲ್ಲ, ಆದ್ದರಿಂದ ಅದು ಪಕ್ಷಪಾತ ಎಂಬುದು ಒಂದು ಕಾರಣ. ಅಂಧರಿಗೆ ಹತ್ತುವುದು ಕಷ್ಟ ಎಂಬ ಸೂಚನೆ ಅವಮಾನಕರ ಎಂಬುದು ಇನ್ನೊಂದು. ಈ ಸಮಿತಿಯ ಮುಂದೆ ನಮ್ಮ ಕತೆಯನ್ನಿಡಿ. ಅದರಲ್ಲಿ ತಂಬಾಕು ಇದೆ, ಸಾವಿದೆ. ಕೈ ಬೆಚ್ಚಗಾಗಿಸಿಕೊಳ್ಳಲು ನಾಯಿಯನ್ನು ಕೊಂದು ಅದರ ಹೊಟ್ಟೆಯೊಳಗೆ ಕೈ ತೂರಿಸಬೇಕೆಂದು ಹವಣಿಸುವ, ಚಾಕು ಹಿಡಿಯಲೂ ಬೆರಳು ಮಡಚದೆ ಸೋಲುವ ಮನುಷ್ಯನಿದ್ದಾನೆ. ಜೊತೆಗೆ ಟೆಕ್ಸಸ್‌ನ ಮಕ್ಕಳು ಕಂಡಿರದ ಚಳಿ. ಬದುಕಿನ ಅಪಾಯವನ್ನೆಲ್ಲ ಸೋಸಿ ತೆಗೆದ ಗದ್ಯ ಓದಿಸಿ, ಮಕ್ಕಳು ಓದುವುದನ್ನು ಬಿಟ್ಟಿದ್ದಾರೆ ಎಂದು ಗೋಳಾಡುವುದು ಯಾವ ನ್ಯಾಯ?

ಇಷ್ಟು ಹೇಳಿದ ಮೇಲೆ ಎದುರಿನವರ ಗಟ್ಟಿ ವಾದವನ್ನೂ ಎದುರಿಸಬೇಕು. ಪರೀಕ್ಷೆ ಬೇಡ ಎನ್ನುವವರು ಹೆಚ್ಚಾಗಿ ಸ್ಥಿತಿವಂತರು, ಅವರ ಮಕ್ಕಳು ಹೇಗೂ ಓದಿಕೊಳ್ಳುತ್ತಾರೆ. ಬಡವರ, ಕಪ್ಪು ಜನರ, ವಲಸಿಗರ ಮಕ್ಕಳಿಗೆ ಓದಲು ಬರುತ್ತಿಲ್ಲ ಎಂಬುದನ್ನು ಊರಿಗೆ ಸಾರಿ ಹೇಳಿದ್ದು ಈ ಪರೀಕ್ಷೆಗಳೇ ಎಂಬ ವಾದವದು. 2015ರಲ್ಲಿ ನ್ಯೂಯಾರ್ಕ್‌ನಲ್ಲಿ ಸುಮಾರು ಐವರಲ್ಲಿ ಒಂದು ಮಗುವನ್ನು ಪೋಷಕರು ಪರೀಕ್ಷೆಯಿಂದ ಹೊರಗಿಟ್ಟಾಗ, ಅದೇ ವರ್ಷ ಹಲವು ನಾಗರಿಕ ಹಕ್ಕುಗಳ ಸಂಘಟನೆಗಳು ಒಟ್ಟಾಗಿ ಆ ಬಹಿಷ್ಕಾರವನ್ನು ವಿರೋಧಿಸಿದವು. ಈ ವಾದವನ್ನು ನಾನು ಒಪ್ಪುತ್ತೇನೆ. ಅಕ್ಷರ ಕೂಡಿಸಿ ಓದಲು ಬರುತ್ತದೋ ಇಲ್ಲವೋ ತಿಳಿಯಲು ರಾಜ್ಯಮಟ್ಟದ ಪರೀಕ್ಷೆ ಇರಲಿ, ಅದಕ್ಕೆ ಬಸ್ಸಿನ ವೇಳಾಪಟ್ಟಿ, ಔಷಧದ ಚೀಟಿ, ಪತ್ರಿಕಾ ವರದಿ ಸಾಕು. ಅದನ್ನು ಅಳೆಯುವ ಕೋಲಿಗೆ ಕತೆಯನ್ನು ಕಟ್ಟಿಹಾಕಬೇಡಿ ಎಂಬುದಷ್ಟೇ ನನ್ನ ಮಾತು.

ಆ ಕೋಲೂ ನೆಟ್ಟಗಿಲ್ಲ ಎನ್ನುವುದಕ್ಕೆ ಹಳೆಯ ಪ್ರಯೋಗವೊಂದಿದೆ. 1988ರಲ್ಲಿ ಡೊನ್ನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ ಎಂಬ ಸಂಶೋಧಕಿಯರು ಏಳು-ಎಂಟನೇ ತರಗತಿಯ 64 ಮಕ್ಕಳಿಗೆ ಬೇಸ್‌ಬಾಲ್ ಆಟದ ವರ್ಣನೆ ಓದಲು ಕೊಟ್ಟರು. ಓದಿನಲ್ಲಿ ಹಿಂದುಳಿದವರು ಎನಿಸಿಕೊಂಡರೂ ಆಟ ಬಲ್ಲ ಮಕ್ಕಳು, ಓದಿನಲ್ಲಿ ಮುಂದಿದ್ದೂ ಆಟ ಅರಿಯದವರಿಗಿಂತ ಎಷ್ಟೋ ಚೆನ್ನಾಗಿ ಅದನ್ನು ಗ್ರಹಿಸಿದ್ದರು. ಹಾಗಾದರೆ ಲಂಡನ್ ಕತೆಯ ಪ್ರಶ್ನೆಪತ್ರಿಕೆಯಲ್ಲಿ ಅಳೆಯುತ್ತಿರುವುದು ಯಾವುದನ್ನು? ಒರತೆಯ ಮೇಲಿನ ಹಿಮದ ತೊಗಟೆ ಎಷ್ಟು ಮೋಸದ್ದು ಎಂದು ನಡೆದೇ ತಿಳಿದಿರುವ ಅಲಾಸ್ಕಾದ ಹಳ್ಳಿಯ ಹುಡುಗನಿಗೂ, ಫ್ರಿಜ್ಜಿನ ಆಚೆ ಮಂಜುಗಡ್ಡೆ ಕಾಣದ ಫ್ಲೋರಿಡಾದ ಹುಡುಗನಿಗೂ ಒಂದೇ ಕತೆ, ಒಂದೇ ನಾಲ್ಕು ಆಯ್ಕೆ. ಮೊದಲನೆಯವನು ಆ ಮುದುಕನಂತೆ ಕತೆಯನ್ನು ಓದಿಯಾನು. ಆದರೆ ‘ಪಠ್ಯದಲ್ಲಿರುವುದನ್ನಷ್ಟೇ ಆಧರಿಸಿ ಉತ್ತರಿಸಿ’ ಎಂಬ ಸೂಚನೆ ಅವನ ಅನುಭವವನ್ನು ಬಾಗಿಲಲ್ಲೇ ತಡೆಯುತ್ತದೆ. ಕತೆಯ ಮನುಷ್ಯನೂ ಮುದುಕನ ಅನುಭವವನ್ನು ಹಾಗೇ ತಡೆದಿದ್ದ.

ಹಾಗಾದರೆ ಪ್ರಬಂಧ ಬರೆಸಿ ಎನ್ನಬಹುದು. ಬರೆಸುತ್ತಿದ್ದಾರೆ, ಓದುವವರು ಯಾರು ಎಂಬುದು ಪ್ರಶ್ನೆ. ಟೆಕ್ಸಸ್ 2024ರಿಂದ ತನ್ನ ರಾಜ್ಯ ಪರೀಕ್ಷೆಯ ಬರಹದ ಉತ್ತರಗಳಿಗೆ ಕಂಪ್ಯೂಟರ್ ಮೂಲಕವೇ ಮೊದಲು ಅಂಕ ಹಾಕಿಸುತ್ತಿದೆ. ಸಾವಿರಾರು ಮೌಲ್ಯಮಾಪಕರ ಅಗತ್ಯ ತಪ್ಪಿತು, ಕೋಟಿಗಟ್ಟಲೆ ಡಾಲರ್ ಉಳಿಯಿತು ಎಂಬುದು ಅದಕ್ಕೆ ಸಮರ್ಥನೆ. ಇಂಥ ಯಂತ್ರಗಳ ಜಾಣತನವನ್ನು ಎಂಐಟಿಯ ಲೆಸ್ ಪೆರೆಲ್ಮನ್ ಹತ್ತು ವರ್ಷ ಮೊದಲೇ ಬಯಲು ಮಾಡಿದ್ದರು. ಮೂರು ಪದ ಕೊಟ್ಟರೆ ಭಾರಿ ಶಬ್ದಗಳ ಅರ್ಥಹೀನ ಪ್ರಬಂಧ ಹೊಸೆಯುವ ಒಂದು ಪ್ರೋಗ್ರಾಮ್ ಬರೆದು, ಆ ಬಡಬಡಿಕೆಯನ್ನು ಅಂಕ ಹಾಕುವ ಯಂತ್ರಕ್ಕೆ ತಿನ್ನಿಸಿದರು. ಯಂತ್ರ ಮೆಚ್ಚಿ ಹೆಚ್ಚಿನ ಅಂಕ ಕೊಟ್ಟಿತು. ಕಾಲೇಜು ಪ್ರವೇಶದ ಎಸ್‌ಎಟಿ ಪರೀಕ್ಷೆಯದು ಇನ್ನೊಂದು ದಾರಿ: ಕಂಪ್ಯೂಟರಿಗೆ ಬದಲಾದ ಮೇಲೆ ಅದರ ಓದಿನ ಭಾಗಗಳು 25ರಿಂದ 150 ಪದಕ್ಕೆ ಇಳಿದಿವೆ, ಒಂದೊಂದಕ್ಕೆ ಒಂದೇ ಪ್ರಶ್ನೆ. ಲಂಡನ್‌ನ ಕತೆ ಸುಮಾರು ಏಳು ಸಾವಿರ ಪದ. ಚಳಿ ನಿಧಾನವಾಗಿ ಕೆನ್ನೆಗೆ, ಮೂಗಿಗೆ, ಬೆರಳಿಗೆ, ಪಾದಕ್ಕೆ ಏರಿ ಕೊನೆಗೆ ಮೈಯಿಡೀ ಆವರಿಸಲು ಆ ಏಳು ಸಾವಿರ ಪದವೇ ಬೇಕು. ನೂರೈವತ್ತು ಪದದಲ್ಲಿ ಯಾರಿಗೂ ಚಳಿಯಾಗುವುದಿಲ್ಲ.

ಇದನ್ನೆಲ್ಲ ಅಮೆರಿಕದ ಪಾಡು ಎಂದು ನಾವು ದೂರ ನಿಂತು ನಗುವಂತಿಲ್ಲ. ನಮ್ಮ ಹತ್ತನೇ ತರಗತಿಯ ಮಕ್ಕಳು ಓದಿದ ‘ವ್ಯಾಘ್ರಗೀತೆ’ಯೂ ಕಾಡಿನಲ್ಲಿ ಜೀವ ಉಳಿಸಿಕೊಳ್ಳುವ ಕತೆಯೇ, ಆದರೆ ಎ.ಎನ್. ಮೂರ್ತಿರಾಯರ ತುಂಟ ನಗೆಯಲ್ಲಿ ಅದ್ದಿದ್ದು. ಕಾಡುದಾರಿಯಲ್ಲಿ ಶಾನುಭೋಗರು, ಹಿಂದೆ ಹುಲಿ. ಬೆನ್ನು ತೋರಿಸಿದವನನ್ನು ಕೊಲ್ಲಬಾರದೆಂಬ ಧರ್ಮಸೂಕ್ಷ್ಮ ಬಲ್ಲ ಹುಲಿ ಅದು. ಈ ಪಾಠದ ಮೇಲೆ ಮಕ್ಕಳು ಬಾಯಿಪಾಠ ಮಾಡಿದ ಒಂದು ಅಂಕದ ಪ್ರಶ್ನೆ: ಶಾನುಭೋಗರ ಬ್ರಹ್ಮಾಸ್ತ್ರ ಯಾವುದು? ಉತ್ತರ: ಖಿರ್ದಿ ಪುಸ್ತಕ. ಲೆಕ್ಕದ ಪುಸ್ತಕ ಬ್ರಹ್ಮಾಸ್ತ್ರವಾದದ್ದರಲ್ಲಿ ಏನು ತಮಾಷೆ, ಲೇಖಕರು ನಗುತ್ತಿರುವುದು ಹುಲಿಯನ್ನೋ ಶಾನುಭೋಗರನ್ನೋ, ಧರ್ಮ ಧರ್ಮ ಎನ್ನುವ ನಮ್ಮನ್ನೋ? ಅದಕ್ಕೆ ಅಂಕವಿಲ್ಲ. ‘ಸಂದರ್ಭ ಸಹಿತ ಸ್ವಾರಸ್ಯ ವಿವರಿಸಿ’ ಎಂಬ ಪ್ರಶ್ನೆಯಲ್ಲಾದರೂ ಒಂದಿಷ್ಟು ಜೀವ ಇತ್ತು. ಅದನ್ನೂ ‘ಆಯ್ಕೆ, ಸಂದರ್ಭ, ಸ್ವಾರಸ್ಯ’ ಎಂದು ಮೂರು ಉಪಶೀರ್ಷಿಕೆ ಹಾಕಿ ಗೆರೆ ಎಳೆದರೆ ಅಂಕ ಸಿಗುವ ಅಚ್ಚು ಮಾಡಿದ್ದೇವೆ. ಸ್ವಾರಸ್ಯವೂ ಗೈಡಿನಲ್ಲೇ ಸಿಗುತ್ತದೆ. 2022ರ ಪಠ್ಯಪುಸ್ತಕ ಪರಿಷ್ಕರಣೆಯ ರಂಪದಲ್ಲಿ, ಕೈಬಿಟ್ಟ ಪಾಠಗಳ ಪಟ್ಟಿಯಲ್ಲಿ ‘ವ್ಯಾಘ್ರಗೀತೆ’ಯ ಹೆಸರೂ ಕೇಳಿಬಂತು. ಯಾವ ಪಾಠ ಇರಬೇಕು, ಯಾವುದು ಹೋಗಬೇಕು ಎಂದು ಎರಡೂ ಕಡೆಯವರು ತಿಂಗಳುಗಟ್ಟಲೆ ಕಚ್ಚಾಡಿದೆವು. ಪಾಠದ ಕೊನೆಯ ‘ಅಭ್ಯಾಸ’ದಲ್ಲಿ ಏನು ಕೇಳಿದೆ ಎಂದು ಯಾರೂ ಧರಣಿ ಕೂತದ್ದು ನನಗೆ ನೆನಪಿಲ್ಲ. ಒಂದು ಅಂಕದ ಪ್ರಶ್ನೆಯ ಮುಂದೆ ಎಡಪಂಥದ ಪಾಠವೂ ಬಲಪಂಥದ ಪಾಠವೂ ಒಂದೇ ಥರ ಸಾಯುತ್ತವೆ.

ದಾರಿ ಇಲ್ಲ ಎಂದಲ್ಲ. ಅದನ್ನು ಲಂಡನ್ನೇ ಬಿಟ್ಟುಹೋಗಿದ್ದಾನೆ. ಈ ಕತೆಯನ್ನು ಅವನು ಎರಡು ಸಲ ಬರೆದ. 1902ರ ಮೇ ತಿಂಗಳಲ್ಲಿ ‘ದಿ ಯೂತ್ಸ್ ಕಂಪ್ಯಾನಿಯನ್’ ಎಂಬ ಮಕ್ಕಳ ಪತ್ರಿಕೆಯಲ್ಲಿ ಬಂದದ್ದರಲ್ಲಿ ಮನುಷ್ಯನಿಗೆ ಟಾಮ್ ವಿನ್ಸೆಂಟ್ ಎಂಬ ಹೆಸರಿದೆ, ನಾಯಿ ಇಲ್ಲ. ಅವನೂ ಒಬ್ಬನೇ ಹೊರಡುತ್ತಾನೆ, ಒದ್ದೆಯಾಗುತ್ತಾನೆ, ಅವನ ಬೆಂಕಿಯ ಮೇಲೂ ಹಿಮ ಬೀಳುತ್ತದೆ. ಆದರೆ ಕೈ ಸುಟ್ಟುಕೊಂಡು, ಒದ್ದಾಡಿ, ಮತ್ತೆ ಬೆಂಕಿ ಹಚ್ಚಿ ಬದುಕುತ್ತಾನೆ. ಒಬ್ಬನೇ ಹೋಗಬಾರದು ಎಂಬ ಪಾಠ ಕಲಿಯುತ್ತಾನೆ. ಆರು ವರ್ಷದ ನಂತರ, 1908ರ ಆಗಸ್ಟ್‌ನಲ್ಲಿ ‘ದಿ ಸೆಂಚುರಿ’ಯಲ್ಲಿ ಬಂದದ್ದರಲ್ಲಿ ಹೆಸರು ಹೋಯಿತು, ನಾಯಿ ಬಂತು, ಮನುಷ್ಯ ಸತ್ತ. ಎರಡೂ ಒಂದೇ ಅಲ್ಲವೇ ಎಂಬ ಮಾತು ಬಂದಾಗ, ಆ ವರ್ಷದ ಡಿಸೆಂಬರಿನಲ್ಲಿ ಸಂಪಾದಕ ರಿಚರ್ಡ್ ವಾಟ್ಸನ್ ಗಿಲ್ಡರ್‌ಗೆ ಬರೆದ ಪತ್ರದಲ್ಲಿ, ಮೊದಲನೆಯದು ಹುಡುಗರಿಗಾಗಿ ಬರೆದದ್ದು, ಎರಡನೆಯದರ ನಿರ್ವಹಣೆಯೇ ಬೇರೆ ಎಂದು ಲಂಡನ್ ಸಮಜಾಯಿಷಿ ಕೊಟ್ಟಿದ್ದ.

ಎರಡನ್ನೂ ಮಕ್ಕಳ ಮುಂದಿಡಿ. ಪುಸ್ತಕ ತೆರೆದೇ ಇರಲಿ, ನೆನಪಿನ ಪರೀಕ್ಷೆ ಬೇಡ. ಹೆಸರು ಕಿತ್ತುಕೊಂಡಾಗ ಆ ಮನುಷ್ಯನಿಗೇನಾಯಿತು ಎಂದು ಕೇಳಿ. ಹಿಂದಕ್ಕೆ ತಿರುಗಲು ಅವನಿಗಿದ್ದ ಕೊನೆಯ ಅವಕಾಶ ಯಾವ ವಾಕ್ಯದಲ್ಲಿ ಕೈತಪ್ಪಿತು, ಬೆರಳಿಟ್ಟು ತೋರಿಸಿ, ಪಕ್ಕದವಳು ಬೇರೆ ವಾಕ್ಯ ತೋರಿಸಿದರೆ ಅವಳೊಂದಿಗೆ ವಾದಿಸಿ ಎನ್ನಿ. ಒಬ್ಬ ಹುಡುಗ ಉಗುಳು ಚಟಗುಟ್ಟಿದ ಕ್ಷಣ ಎಂದಾನು, ಇನ್ನೊಬ್ಬ ಊಟದ ಬೆಂಕಿ ಬಿಟ್ಟು ಎದ್ದದ್ದು ಎಂದಾನು, ಒಬ್ಬಳು ಮುದುಕನನ್ನು ನೆನೆದು ನಕ್ಕದ್ದು ಎಂದಾಳು. ಎಪ್ಪತ್ತು ಬೆಂಕಿಕಡ್ಡಿ ಒಟ್ಟಿಗೆ ಹೊತ್ತಿ ಕೈ ಸುಡುವ ವಾಸನೆ ಬಂದರೂ ಅವನು ಬಿಡದ ಆ ದೃಶ್ಯದಲ್ಲಿ ಅವನನ್ನು ಮೆಚ್ಚಬೇಕೋ ಮರುಗಬೇಕೋ ಎಂದು ಕೇಳಿದರೆ ತರಗತಿ ಎರಡು ಹೋಳಾದೀತು. ಇದಕ್ಕೆ ಕೀ ಉತ್ತರ ಇಲ್ಲ, ಆದರೆ ಒಳ್ಳೆಯ ಉತ್ತರ ಮತ್ತು ಕೆಟ್ಟ ಉತ್ತರ ಖಂಡಿತ ಇವೆ. ಕತೆಯನ್ನು ಸ್ವತಃ ಓದಿದ ಮೇಷ್ಟರಿಗೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಮೌಲ್ಯಮಾಪನ ಏಕರೂಪವಾಗಿರುವುದಿಲ್ಲ ಎಂಬ ದೂರು ಬಂದೇ ಬರುತ್ತದೆ. ಇರುವುದಿಲ್ಲ. ಏಕರೂಪ ಬೇಕೆಂದು ಸಾಹಿತ್ಯವನ್ನು ಬಲಿಕೊಡುವುದಾದರೆ ಸಾಹಿತ್ಯವನ್ನು ಪಠ್ಯದಿಂದಲೇ ತೆಗೆಯಿರಿ, ಅದು ಪ್ರಾಮಾಣಿಕತೆ.

2024ರ ನವೆಂಬರಿನಲ್ಲಿ ಮ್ಯಾಸಚೂಸೆಟ್ಸ್‌ನ ಮತದಾರರು, ರಾಜ್ಯ ಪರೀಕ್ಷೆ ಪಾಸಾದರಷ್ಟೇ ಹೈಸ್ಕೂಲ್ ಪದವಿ ಎಂಬ ಎರಡು ದಶಕದ ನಿಯಮವನ್ನು ಸುಮಾರು ಶೇಕಡಾ 59 ಮತಗಳಿಂದ ಕಿತ್ತುಹಾಕಿದರು. ಪರೀಕ್ಷೆ ಉಳಿದಿದೆ, ಅದರ ಕೊರಳಪಟ್ಟಿ ಸಡಿಲವಾಗಿದೆ. ಬಾಸ್ಟನ್‌ನಲ್ಲೂ ಬೇ ಏರಿಯಾದಲ್ಲೂ ಮಕ್ಕಳನ್ನು ಓದಿಸುತ್ತಿರುವ ಕನ್ನಡದ ತಂದೆತಾಯಿಗಳಲ್ಲಿ, ಹಾಗೆಯೇ ಇಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳ ಪೋಷಕರಲ್ಲಿ ನನ್ನದೊಂದು ವಿನಂತಿ. ಕತೆಯೊಂದರ ಪರೀಕ್ಷೆಯಲ್ಲಿ ಎಷ್ಟು ಬಂತು ಎಂದು ಕೇಳುವ ಬದಲು ಆ ಪ್ರಶ್ನೆಪತ್ರಿಕೆ ತರಿಸಿಕೊಂಡು ಓದಿ. ಅದರಲ್ಲಿ ಒಂದಾದರೂ ಪ್ರಶ್ನೆ ನಿಮ್ಮನ್ನು ಮತ್ತೆ ಕತೆಯ ಬಳಿಗೆ ಕಳಿಸದಿದ್ದರೆ, ಮುಂದಿನ ಪೋಷಕರ ಸಭೆಯಲ್ಲಿ ಎದ್ದು ನಿಂತು ಹಾಗೆಂದು ಹೇಳಿ.